ಬಟ್ಟೆಯನ್ನು ಮಗುಚಿ ನೋಡಿದ ಆಯಿ

ಕಸೂತಿ ಬಲ್ಲ ಹೆಣ್ಣುಮಗಳ ಕೈಗೆ ಕಸೂತಿಯ ಬಟ್ಟೆ ಕೊಟ್ಟರೆ ಆಕೆ ಮೊದಲು ಅದನ್ನು ಮಗುಚಿ ಹಿಂಭಾಗ ನೋಡುತ್ತಾಳೆ. ಇದನ್ನು ನನಗೆ ಕಲಿಸಿದವಳು ನಮ್ಮ ದೊಡ್ಡವ್ವ. ಬಾಯಿ ಬಿಟ್ಟು ಹೇಳಲಿಲ್ಲ, ಮಾಡಿ ತೋರಿಸಿದಳು. ಹದಿನೈದು ದಿನ ಕಣ್ಣು ಕಿರಿದು ಮಾಡಿಕೊಂಡು ಹಾಕಿದ ನನ್ನ ಮೊದಲ ಗೋಪುರದ ಚಿತ್ತಾರವನ್ನು ಅವಳ ಮುಂದೆ ಹಿಡಿದಾಗ, ಮುಂಭಾಗದ ಕಡೆ ಕಣ್ಣೆತ್ತದೆ ಬಟ್ಟೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆರಳಾಡಿಸಿದಳು. ಒಂದು ಗಂಟು ಸಿಕ್ಕಿತು. ಬೆರಳು ಅಲ್ಲೇ ನಿಂತಿತು. ಬಟ್ಟೆಯನ್ನು ನನಗೆ ಮರಳಿ ಕೊಟ್ಟು ಕತ್ತರಿ ಮುಂದಿಟ್ಟಳು.

ಆ ಗಂಟು ಬಿಚ್ಚಿದ ಎರಡು ವರ್ಷಕ್ಕೆ ನಾನು ಕಿತ್ತೂರು ಉತ್ಸವದ ಮಳಿಗೆಯೊಂದರಲ್ಲಿ ಸೂಜಿ ಹಿಡಿದು ಕೂತಿದ್ದೆ. 2024ರ ಅಕ್ಟೋಬರ್ 23ರಿಂದ 25ರವರೆಗೆ ಮೂರು ದಿನ. ರಾಣಿ ಚೆನ್ನಮ್ಮನ ಪಡೆ ಕಂಪನಿಯ ಸೈನ್ಯವನ್ನು ಮಣಿಸಿ, ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಹತನಾದದ್ದು 1824ರ ಅಕ್ಟೋಬರ್ 23ರಂದು. ಆ ವಿಜಯಕ್ಕೆ ಇನ್ನೂರು ವರ್ಷ ತುಂಬಿದ ವರ್ಷದ ಉತ್ಸವ ಅದು. ಧಾರವಾಡದಿಂದ ಬೆಳಗಾವಿಯ ಹೆದ್ದಾರಿ ಹಿಡಿದರೆ ಕಿತ್ತೂರು ಒಂದು ಗಂಟೆಯ ದಾರಿಯೂ ಅಲ್ಲ. ಸಣ್ಣವಳಿದ್ದಾಗಿನಿಂದ ಎಷ್ಟೋ ಸಲ ಜನರ ನಡುವೆ ನುಗ್ಗಿ ಈ ಉತ್ಸವ ನೋಡಿದ್ದೆ. ಮಳಿಗೆಯ ಆ ಬದಿಯಲ್ಲಿ ಕೂತು ನೋಡಿದ್ದು ಅದೇ ಮೊದಲು.

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ನಲವತ್ತು ದಾಟುವವರೆಗೆ ಗುಂಡಿ ಹೊಲಿಯುವುದನ್ನು ಬಿಟ್ಟರೆ ಸೂಜಿ ಮುಟ್ಟಿದವಳಲ್ಲ. ದೊಡ್ಡವ್ವನ ಟ್ರಂಕಿನಲ್ಲಿ ಒಂದು ಚಂದ್ರಕಾಳಿ ಸೀರೆ ಇತ್ತು. ಕಪ್ಪು ಮೈ, ಕೆಂಪು ಅಂಚು, ಸೆರಗಿನ ಹತ್ತಿರ ತೇರು, ಆನೆ, ತುಳಸಿ ಕಟ್ಟೆ, ತೊಟ್ಟಿಲು. ಸೀಮಂತಕ್ಕೆಂದು ಅವಳ ತಾಯಿ ಹಾಕಿಕೊಟ್ಟದ್ದು. ಸೀರೆಯ ಮಡಿಕೆಗಳು ಜೀರ್ಣವಾಗಿ ಎಳೆ ಬಿಡುತ್ತಿದ್ದವು. ಇದನ್ನು ಹಾಕಬಲ್ಲವರು ನಮ್ಮ ಮನೆತನದಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳಿದೆ. ದೊಡ್ಡವ್ವ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು, ಬೇರೆ ಯಾರನ್ನೂ ತೋರಿಸಲಿಲ್ಲ. ಆಗ ಅವಳಿಗೆ ಎಪ್ಪತ್ತೊಂಬತ್ತು, ಎರಡೂ ಕಣ್ಣಿಗೆ ಪೊರೆ ತೆಗೆಸಿದ್ದರು. ಮರುದಿನವೇ ನಾನು ಎಳೆಗಳು ಬಿಡಿಯಾಗಿ ಕಾಣುವ ಮ್ಯಾಟಿ ಬಟ್ಟೆ, ಮೊಂಡು ಸೂಜಿ, ಒಂದು ಲಡಿ ಕೆಂಪು ದಾರ ತಂದೆ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ತಾರ ಬರೆದುಕೊಳ್ಳುವುದಿಲ್ಲ, ಅಚ್ಚು ಒತ್ತುವುದಿಲ್ಲ. ನೇಯ್ದ ಬಟ್ಟೆಯ ಎಳೆಗಳನ್ನೇ ಎಣಿಸಿ, ಇಷ್ಟು ಎಳೆ ಬಿಟ್ಟು ಸೂಜಿ ಕೆಳಗೆ, ಇಷ್ಟು ಬಿಟ್ಟು ಮೇಲೆ ಎಂದು ಸಾಗಬೇಕು. ಹೊಲಿಗೆ ನಾಲ್ಕೇ: ಗವಂತಿ, ಮುರಗಿ, ನೇಗಿ, ಮೆಂತೆ. ಮೆಂತೆ ಎಂದರೆ ಗುಣಿಸು ಚಿಹ್ನೆಯಂತೆ ಅಡ್ಡಡ್ಡ ಹಾಕಿ ತುಂಬುವ ಹೊಲಿಗೆ, ದಾರ ಬಹಳ ತಿನ್ನುತ್ತದೆ. ನೇಗಿ ನೇಯ್ಗೆಯ ಹಾಗೆಯೇ ಕಾಣುತ್ತದೆ, ಸಾಲು ಸಾಲಾಗಿ ಉದ್ದಗಿಡ್ಡ ಹೊಲಿಗೆಗಳು. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗವಂತಿಯ ಮುಂದೆ ಇವೆಲ್ಲ ನನಗೆ ಸುಲಭವಾಗಿಯೇ ಬಂದವು.

ಗವಂತಿಯನ್ನು ನಾನು ತಿಳಿದುಕೊಂಡ ಬಗೆ ಹೇಳುತ್ತೇನೆ. ಸೂಜಿ ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಗೆರೆಯುದ್ದಕ್ಕೂ ಹೋಗುತ್ತದೆ. ಆಗ ಬಟ್ಟೆಯ ಮೇಲೆ ಒಂದು ಹೊಲಿಗೆ, ಒಂದು ಖಾಲಿ, ಒಂದು ಹೊಲಿಗೆ, ಒಂದು ಖಾಲಿ. ಗೆರೆ ಮುಗಿದ ಕಡೆ ತಿರುಗಿ, ಬಂದ ದಾರಿಯಲ್ಲೇ ಮರಳಬೇಕು. ಹೋಗುವಾಗ ಖಾಲಿ ಉಳಿದದ್ದು ಬರುವಾಗ ತುಂಬುತ್ತದೆ. ಸರಿಯಾಗಿ ಬಂದರೆ ಬಟ್ಟೆಯ ಎರಡೂ ಮಗ್ಗುಲಿನಲ್ಲಿ ಒಂದೇ ಗೆರೆ, ಯಾವುದು ಹಿಂದೆ ಯಾವುದು ಮುಂದೆ ಎಂದು ಹೇಳಲಾಗದಷ್ಟು. ದಾರಿಯಲ್ಲಿ ಕವಲು ಬಂದರೆ ಮೊದಲು ಆ ಕವಲಿನೊಳಗೆ ಹೋಗಿ, ತುದಿ ಮುಟ್ಟಿ, ತುಂಬಿಕೊಂಡು ಹೊರಬಂದು ಆಮೇಲೆ ಮುಂದೆ ಸಾಗಬೇಕು. ಒಂದು ಕವಲನ್ನು ಮರೆತು ಮುಂದೆ ಹೋದರೆ ಮುಗಿಯಿತು. ಕೊನೆಗೆ ಎಲ್ಲೋ ಒಂದು ಗೆರೆ ಅರ್ಧ ಉಳಿದು, ಅಲ್ಲಿಗೆ ಮುಟ್ಟಲು ದಾರಿಯೇ ಇರುವುದಿಲ್ಲ. ಗಂಟು ಹಾಕಿ ಹೊಸದಾಗಿ ಶುರು ಮಾಡೋಣ ಎಂದರೆ ಗಂಟಿಗೆ ಅನುಮತಿ ಇಲ್ಲ. ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ನುಗ್ಗಿಸಿ ಅಡಗಿಸಬೇಕು.

ಒಂದು ರಾತ್ರಿ ಪಲ್ಲಕ್ಕಿಯ ಚಿತ್ತಾರದಲ್ಲಿ ದಾರಿ ತಪ್ಪಿ ಕೂತಿದ್ದಾಗ, ಇದು ನಾನು ಓದಿದ ಲೆಕ್ಕವೇ ಅಲ್ಲವೇ ಎಂದು ಹೊಳೆಯಿತು. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಇಡೀ ಊರು ಸುತ್ತಲಾಗದು ಎಂದು ಗಣಿತಜ್ಞ ಆಯ್ಲರ್ 1736ರಲ್ಲಿ ತೋರಿಸಿದ. ಒಂದು ನಿಲುಗಡೆಯಲ್ಲಿ ಕೂಡುವ ದಾರಿಗಳ ಸಂಖ್ಯೆ ಬೆಸವಾಗಿರುವುದೇ ಅಡ್ಡಿ. ಆದರೆ ಪ್ರತಿ ದಾರಿಯನ್ನೂ ಎರಡು ಸಲ ನಡೆಯಬಹುದು ಎಂದರೆ ಎಲ್ಲ ಸಂಖ್ಯೆಗಳೂ ಸಮವಾಗಿಬಿಡುತ್ತವೆ. ಬಿಡಿಬಿಡಿಯಾಗದ ಯಾವ ಚಿತ್ತಾರವನ್ನಾದರೂ ಹೊರಟಲ್ಲಿಗೇ ಬಂದು ಮುಗಿಸಬಹುದು. ಗವಂತಿ ಮಾಡುವುದೇ ಅದನ್ನು. ಅಕ್ಷರ ಕಲಿಯದ ನಮ್ಮ ಅಜ್ಜಿಯಂದಿರು ಅಂಗಳದಲ್ಲಿ ಕೂತು ಈ ದಾರಿಯನ್ನು ಮನಸ್ಸಿನಲ್ಲೇ ಹಿಡಿದು ನಡೆಸುತ್ತಿದ್ದರು. ಅಂದು ನಾನು ಸೂಜಿ ಕೆಳಗಿಟ್ಟು ಬಹಳ ಹೊತ್ತು ಆ ಪಲ್ಲಕ್ಕಿಯನ್ನೇ ನೋಡಿದೆ. ದಾರಿ ಇದ್ದೇ ಇದೆ, ನನಗೆ ಸಿಕ್ಕಿಲ್ಲ ಅಷ್ಟೇ ಎಂದು ಗೊತ್ತಾದ ಮೇಲೆ ಬಿಚ್ಚುವ ಬೇಸರ ಹೋಯಿತು.

ಉತ್ಸವದ ಮಾತು ಬಂದದ್ದು ನಮ್ಮ ಓಣಿಯ ಸ್ವಸಹಾಯ ಸಂಘದಿಂದ. ಹನ್ನೆರಡು ಜನ ಹೆಣ್ಣುಮಕ್ಕಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಜೊತೆಗೆ ನಾಲ್ವರು ಕಸೂತಿ ಹಾಕಿದ ದಿಂಬಿನ ಚೀಲ, ಕೈಚೀಲಗಳನ್ನೂ ಮಾಡುತ್ತಾರೆ. ಅವರಿಗೆ ಮಳಿಗೆ ಸಿಕ್ಕಿತ್ತು. ಮಾರುವುದಕ್ಕೆ ನಾವಿದ್ದೇವೆ, ನೀವು ಕೂತು ಹಾಕಿ ತೋರಿಸಿ ಎಂದು ಸಂಘದ ಅಧ್ಯಕ್ಷೆ ಕೇಳಿದರು. ನಾನು ಮೂರು ದಿನದ ರಜೆ ಬರೆದೆ. ತೋರಿಸಲು ಒಂದು ಹೊಸ ತುಂಡು ಬೇಕಿತ್ತು. ಕಪ್ಪು ಹತ್ತಿ ಬಟ್ಟೆಯ ಮೇಲೆ ಗೋಪುರ, ಅದರ ಎರಡು ಬದಿಗೆ ಆನೆ, ಮೇಲೆ ಬಿಡಿಬಿಡಿಯಾಗಿ ಚಿಕ್ಕೆಗಳು. ಎಳೆಗಳು ಒತ್ತಾಗಿರುವ ಕಪ್ಪು ಬಟ್ಟೆಯಲ್ಲಿ ಎಣಿಸುವುದು ಮ್ಯಾಟಿ ಬಟ್ಟೆಯಲ್ಲಿ ಎಣಿಸಿದ ಹಾಗಲ್ಲ. ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಅದರ ಮೇಲೆ ಬಟ್ಟೆ ಹಿಡಿದರೆ ಎಳೆಗಳ ನಡುವಿನ ಸಂದು ಬೆಳ್ಳಗೆ ಕಾಣುತ್ತದೆ. ಇದೂ ದೊಡ್ಡವ್ವನ ಉಪಾಯವೇ. ಅರವತ್ತೆರಡು ಗಂಟೆ ಹಿಡಿಯಿತು. ಪ್ರತಿ ದಿನದ ಲೆಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಕೊನೆಯ ವಾರ ಚಿಕ್ಕೆಗಳಿಗೆ ಬಂದಾಗ ಕಣ್ಣು ಸೋತಿದ್ದವು, ದಿನಗಳೂ ಸರಿದಿದ್ದವು. ಪ್ರತಿ ಚಿಕ್ಕೆಗೂ ದಾರ ಮುಗಿಸಿ ಅಡಗಿಸಿ ಮತ್ತೆ ಶುರು ಮಾಡಬೇಕು. ಒಂದೇ ಒಂದು ಕಡೆ, ಒಂದು ಚಿಕ್ಕೆಯಿಂದ ಪಕ್ಕದ ಚಿಕ್ಕೆಗೆ ದಾರವನ್ನು ಹಿಂಭಾಗದಲ್ಲಿ ಹಾರಿಸಿಬಿಟ್ಟೆ. ಆರು ಎಳೆಯಷ್ಟು ದೂರ. ಕಪ್ಪು ಬಟ್ಟೆಯ ಮೇಲೆ ನೇರಳೆ ದಾರ, ಯಾರಿಗೂ ಕಾಣುವುದಿಲ್ಲ ಎಂದುಕೊಂಡೆ. ದೊಡ್ಡವ್ವನಿಗೆ ಆ ತುಂಡನ್ನು ತೋರಿಸದೆ ಚೀಲಕ್ಕೆ ಹಾಕಿದೆ.

ಮೊದಲ ದಿನ ನಮ್ಮ ಮಳಿಗೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಮುಂದೆ ಚಟ್ನಿಯ ಪೊಟ್ಟಣಗಳು, ಹಿಂದೆ ದಿಂಬಿನ ಚೀಲಗಳ ಅಟ್ಟಿ. ನಾನು ಕುರ್ಚಿಯಲ್ಲಿ ಕೂತು ಹಾಕತೊಡಗಿದೆ. ಮೇಜು ನನ್ನ ಕೈಗಳನ್ನೇ ಮರೆ ಮಾಡಿತ್ತು. ಜನ ಬಂದರು, ಶೇಂಗಾ ಚಟ್ನಿ ರುಚಿ ನೋಡಿದರು, ಕೊಂಡರು, ಹೋದರು. ಸಂಜೆಯ ಹೊತ್ತಿಗೆ ಒಬ್ಬರು ದಿಂಬಿನ ಚೀಲ ಎತ್ತಿ ಬೆಲೆ ಕೇಳಿದರು. ಏಳುನೂರು ರೂಪಾಯಿ ಎಂದೆವು. ಇದೇ ಚಿತ್ತಾರ ಮೊಬೈಲಿನಲ್ಲಿ ಇನ್ನೂರೈವತ್ತಕ್ಕೆ ಸಿಗುತ್ತದೆ ಎಂದು ತೋರಿಸಿದರು. ಅವರು ಸುಳ್ಳು ಹೇಳಲಿಲ್ಲ. ಅದೇ ಗೋಪುರ, ಅದೇ ಬಣ್ಣ, ಯಂತ್ರ ಹಾಕಿದ್ದು. ಯಂತ್ರದ ಕಸೂತಿಯ ಬೆನ್ನಿಗೆ ಬಟ್ಟೆ ಸುಕ್ಕಾಗದಿರಲು ಕಾಗದದಂಥ ಒಂದು ಪದರ ಅಂಟಿಕೊಂಡಿರುತ್ತದೆ, ಅಡಿಯ ದಾರ ಬಿಳಿಯಾಗಿ ಅಲ್ಲಲ್ಲಿ ಗುಂಪುಗೂಡಿರುತ್ತದೆ. ಮಗುಚಿದರೆ ಒಂದು ಕ್ಷಣದಲ್ಲಿ ತಿಳಿಯುವ ವ್ಯತ್ಯಾಸ. ಮೊಬೈಲಿನ ಚಿತ್ರವನ್ನು ಮಗುಚಲು ಬರುವುದಿಲ್ಲ. ಆದರೆ ನಮ್ಮ ಚೀಲವನ್ನೂ ಅಂದು ಯಾರೂ ಮಗುಚಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕೈಯಿಂದ ಆಗುವ ಕೆಲಸವನ್ನು ಮಾರಾಟದ ಸಾಮಾನಿನ ಹಾಗೆ ಅಟ್ಟಿ ಮಾಡಿ ಇಟ್ಟರೆ ಅದು ಅಗ್ಗದ ಸಾಮಾನಿನ ಜೊತೆಗೇ ತೂಗಿಸಿಕೊಳ್ಳಬೇಕಾಗುತ್ತದೆ. ಅದು ಆಗುವುದನ್ನು ಜನ ನೋಡಬೇಕು, ಬೆನ್ನು ಹೊಟ್ಟೆ ಎರಡನ್ನೂ ನೋಡಬೇಕು. ಬೆಳಿಗ್ಗೆ ಸಂಘದ ಒಬ್ಬ ತಂಗಿ ತನ್ನ ಮನೆಯಿಂದ ಜಮಖಾನೆ ತಂದಳು. ನವಲಗುಂದದಲ್ಲಿ ಹೆಣ್ಣುಮಕ್ಕಳೇ ಮಗ್ಗದ ಮುಂದೆ ಕೂತು ನೇಯುವ ಜಮಖಾನೆ, ಎರಡು ನವಿಲು ಇದ್ದದ್ದು. ಅದನ್ನು ಮೇಜಿನ ಮುಂದೆ ನೆಲಕ್ಕೆ ಹಾಸಿದೆವು. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಬಟ್ಟೆ ಒಣ ಹಾಕುವ ಚಿಮುಟಿಗಳಿಂದ ಕಸೂತಿಯ ತುಂಡುಗಳನ್ನು ತೂಗುಬಿಟ್ಟೆವು, ಈ ಕಡೆಯಿಂದಲೂ ಆ ಕಡೆಯಿಂದಲೂ ಕಾಣುವ ಹಾಗೆ. ನಾನು ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ.

ಜನ ನಿಂತರು. ಮೊದಲು ಮಕ್ಕಳು, ಆಮೇಲೆ ಮಕ್ಕಳ ಕೈ ಹಿಡಿದ ತಾಯಂದಿರು. ಒಬ್ಬರು ಕೂತರೆ ಇನ್ನೊಬ್ಬರು ಕೂರುತ್ತಾರೆ. ನಮ್ಮ ತಾಯಿಯೂ ಹಾಕುತ್ತಿದ್ದಳು ಎನ್ನುವ ಮಾತನ್ನು ಆ ಮಧ್ಯಾಹ್ನ ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ಹೇಳಿದವರೆಲ್ಲರ ದನಿ ಒಂದೇ ತೆರನಾಗಿ ತಗ್ಗುತ್ತಿತ್ತು. ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಮ್ಯಾಟಿ ಬಟ್ಟೆಯ ತುಂಡಿನ ಮೇಲೆ ಗವಂತಿ ಕಲಿತು, ಮರಳಿ ಬರುವ ಹೊಲಿಗೆ ಖಾಲಿ ಜಾಗಗಳನ್ನು ತುಂಬುತ್ತಾ ಬಂದದ್ದನ್ನು ಕಂಡು ಬಾಯಿ ತೆರೆದುಕೊಂಡೇ ಕೂತಿದ್ದಳು. ಅವಳಿಗೆ ಸೂಜಿ, ದಾರ, ಬಟ್ಟೆ ಎಲ್ಲವನ್ನೂ ಕೊಟ್ಟು ಕಳುಹಿಸಿದೆ.

ಕಲಾತಂಡಗಳ ಮೆರವಣಿಗೆ ಹತ್ತಿರ ಬಂದಾಗ ನನ್ನ ಎಣಿಕೆ ಕೆಟ್ಟಿತು. ಡೊಳ್ಳಿನವರು ಮುಂದೆ, ಹಿಂದೆ ಕರಡಿ ಮಜಲು, ಅದರ ಹಿಂದೆ ಜಗ್ಗಲಿಗೆ. ಎತ್ತಿನ ಗಾಡಿಯ ಚಕ್ರದಷ್ಟು ದೊಡ್ಡ ಜಗ್ಗಲಿಗೆಯ ಪೆಟ್ಟು ಬಿದ್ದರೆ ಕೂತ ನೆಲ ಎದೆಗೆ ಬಡಿಯುತ್ತದೆ. ನಾಲ್ಕು ಎಣಿಸುವಲ್ಲಿ ಐದಾಯಿತು, ಆನೆಯ ಸೊಂಡಿಲು ಒಂದು ಎಳೆ ಜಾರಿತು. ನಾನು ಸೂಜಿ ಚುಚ್ಚಿಟ್ಟು ಎದ್ದು ನಿಂತೆ. ಆ ಸದ್ದಿನ ಎದುರಿಗೆ ಕೂತು ಎಣಿಸುವುದು ಅದಕ್ಕೂ ಅವಮಾನ, ಕಸೂತಿಗೂ ಅವಮಾನ ಅನ್ನಿಸಿತು. ಡೊಳ್ಳಿನ ತಂಡದಲ್ಲಿ ಇಬ್ಬರು ಹುಡುಗಿಯರು ಇದ್ದರು. ಸೊಂಟಕ್ಕೆ ಬಿಗಿದ ಡೊಳ್ಳನ್ನು ಹೊತ್ತೇ ನೆಗೆದು ತಿರುಗುತ್ತಿದ್ದರು.

ಸಂಜೆಗೆ ನಮ್ಮ ಸಾಲಿನ ಕೊನೆಯಲ್ಲಿ ಗೀಗೀ ಪದದವರು ಕೂಡಿದರು. ದಪ್ಪು, ತುಂತುಣಿ, ತಾಳ, ಮುಂದೆ ಹಾಡುವವರು ಒಬ್ಬರು, ಹಿಂದೆ ಎಳೆಯುವವರು ಇಬ್ಬರು. ಚೆನ್ನಮ್ಮನ ಕಥೆ ಎತ್ತಿಕೊಂಡರು. ಥ್ಯಾಕರೆ ಕೋಟೆಯ ಬಾಗಿಲಿಗೆ ಬಂದು ನಿಂತ, ಅಮಟೂರು ಬಾಳಪ್ಪ ಗುಂಡು ಹಾರಿಸಿದ ಎನ್ನುವಲ್ಲಿಗೆ ಬಂದಾಗ ಕೂತವರೆಲ್ಲ ತಾವೇ ಗುರಿ ಇಟ್ಟವರಂತೆ ಉಸಿರು ಹಿಡಿದರು. ಇನ್ನೂರು ವರ್ಷದ ಹಿಂದಿನ ಆ ಘಟನೆ ನಡೆದ ಊರಿನ ನೆಲದ ಮೇಲೆ ಕೂತು ಅದನ್ನು ಕೇಳುವುದೇ ಬೇರೆ. ತುಂತುಣಿಯ ಒಂದೇ ತಂತಿ ಬಿಡದೆ ಮಿಡಿಯುತ್ತಿತ್ತು. ಜಾರಿದ ಸೊಂಡಿಲನ್ನು ಅಲ್ಲಿಯೇ ಬಿಚ್ಚಿ ಮತ್ತೆ ಹಾಕಿದೆ, ಒಮ್ಮೆಯೂ ಎಣಿಕೆ ತಪ್ಪಲಿಲ್ಲ.

ಪಕ್ಕದ ಮಳಿಗೆಯವರು ಇಳಕಲ್ ಸೀರೆ ನೇಯುವವರು. ಬಿಡುವಿನಲ್ಲಿ ಅವರ ಹತ್ತಿರ ಹೋಗಿ ಕೂರುತ್ತಿದ್ದೆ. ಇಳಕಲ್ ಸೀರೆಯ ಮೈಯ ಹಾಸನ್ನೂ (ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳು) ಸೆರಗಿನ ರೇಷ್ಮೆ ಹಾಸನ್ನೂ ಬೇರೆ ಬೇರೆ ಮಾಡಿಕೊಂಡು, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಹಿರಿಯರು ಸೆರಗನ್ನು ಬೆಳಕಿಗೆ ಹಿಡಿದು ಕೊಂಡಿಗಳ ಸಾಲನ್ನು ನನಗೆ ತೋರಿಸಿದರು, ಕೂದಲಿನಷ್ಟು ಸಣ್ಣ ಕುಣಿಕೆಗಳು. ಸೆರಗಿನ ಚಿತ್ತಾರಗಳ ಹೆಸರೂ ಹೇಳಿದರು: ಜೋಳದ ತೆನೆಯಂಥದ್ದು ತೋಪು ತೆನೆ, ಬಾಚಣಿಗೆಯಂಥದ್ದು ಹಣಿಗೆ, ಕೋಟೆಯ ಗೋಡೆಯ ತಲೆಯಂಥದ್ದು ಕೋಟೆ ಕಮ್ಮಲಿ. ಈ ಸೀರೆಯ ಮೇಲೆಯೇ ಅಲ್ಲವೇ ನಿಮ್ಮ ಕಸೂತಿ ಕೂತದ್ದು, ನಾವಿಬ್ಬರೂ ಬೀಗರು ಎಂದರು. ನಾನು ಅವರಿಂದ ಒಂದು ಕಪ್ಪು ಸೀರೆ ಕೊಂಡೆ.

ಮೂರನೆಯ ದಿನ ಮಧ್ಯಾಹ್ನ, ಜನ ಊಟಕ್ಕೆ ಚದುರಿದ್ದಾಗ ಒಬ್ಬ ಆಯಿ ಬಂದರು. ಎಂಬತ್ತರ ಮೇಲಿನ ವಯಸ್ಸು. ಕಚ್ಚೆ ಹಾಕಿ ಉಟ್ಟ ಹಸಿರು ಸೀರೆ, ಖಣದ ಕುಬಸ, ಮೊಮ್ಮಗನ ತೋಳು ಹಿಡಿದ ಕೈಯಲ್ಲಿ ಸವೆದ ಬಿಲ್ವಾರ. ಹಗ್ಗದ ಮೇಲೆ ತೂಗುತ್ತಿದ್ದ ತುಂಡುಗಳನ್ನು ಒಂದೊಂದಾಗಿ ನೋಡುತ್ತಾ ಬಂದು ನನ್ನ ಕಪ್ಪು ಬಟ್ಟೆಯ ಎದುರಿಗೆ ನಿಂತರು. ಚಿಮುಟಿ ತೆಗೆದು ಬಟ್ಟೆಯನ್ನು ಇಳಿಸಿಕೊಂಡರು. ಮೊಮ್ಮಗ ತಡೆಯಲು ಹೋದ, ನಾನು ಬೇಡವೆಂದು ಕೈ ಮಾಡಿದೆ.

ಅವರು ಜಮಖಾನೆಯ ಮೇಲೆ ಕೂತು, ಬಟ್ಟೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡರು.

ದೊಡ್ಡವ್ವನ ಕೈಯೇ ಅದು. ಹಾಗೆಯೇ ಮಧ್ಯದ ಬೆರಳು ಮುಂದೆ, ಉಳಿದವು ಹಿಂದೆ. ಗೋಪುರದ ಮೇಲೆ ಸಾಗಿತು. ಎಲ್ಲೂ ನಿಲ್ಲಲಿಲ್ಲ. ಎಡ ಆನೆ, ಬಲ ಆನೆ, ಸೊಂಡಿಲು. ತಲೆಯಾಡಿಸಿದರು. ಚಿಕ್ಕೆಗಳ ಕಡೆ ಬಂದಾಗ ನನ್ನ ಕೈ ಬೆವರತೊಡಗಿತು. ಮೊದಲನೆಯದು, ಎರಡನೆಯದು, ಮೂರನೆಯದು. ನಾಲ್ಕು ಮತ್ತು ಐದರ ನಡುವೆ ಬೆರಳು ನಿಂತಿತು. ಉಗುರಿನ ತುದಿಯಿಂದ ಆ ಹಾರಿಸಿದ ದಾರವನ್ನು ಎತ್ತಿ, ಒಮ್ಮೆ ಮೀಟಿ ಬಿಟ್ಟರು.

“ಇಲ್ಲಿ ದಣಿದಿದ್ದೆ ಅಲ್ಲವೇ ಯವ್ವಾ?” ಎಂದರು.

“ಹೌದು ಆಯಿ, ಕಣ್ಣು ಸೋತಿದ್ದವು” ಎಂದೆ. ಗಂಟಲು ತುಂಬಿ ಬಂದಿತ್ತು. ಎರಡು ದಿನದಲ್ಲಿ ಎಷ್ಟೋ ಜನ ಹೊಗಳಿದ್ದರು, ಯಾರ ಹೊಗಳಿಕೆಯೂ ನನಗೆ ಈ ಮಾತಿನಷ್ಟು ಹತ್ತಿರ ಬಂದಿರಲಿಲ್ಲ. ನಾನು ದಣಿದ ಆ ರಾತ್ರಿಯನ್ನು ಅವರು ಬೆರಳಿನಿಂದ ಓದಿದ್ದರು.

ಅವರು ಬೈಲಹೊಂಗಲದ ಕಡೆಯ ಹಳ್ಳಿಯವರು. ಹೊಲದ ಕೆಲಸ ಮುಗಿಸಿ ಬಂದು ಚಿಮಣಿ ದೀಪದ ಬೆಳಕಿನಲ್ಲಿ ಹಾಕುತ್ತಿದ್ದೆ, ಮೂವತ್ತು ವರ್ಷದಿಂದ ಬಿಟ್ಟಿದ್ದೇನೆ ಎಂದರು. ಮದುವೆಗೆ ಮುಂಚೆ ಹಾಕಿದ ಒಂದು ತೇರಿನ ಎಣಿಕೆ ಇನ್ನೂ ನೆನಪಿದೆಯೇ ಎಂದು ಕೇಳಿದೆ. ಕಣ್ಣು ಮುಚ್ಚಿ ಬೆರಳನ್ನು ಗಾಳಿಯಲ್ಲಿ ನಡೆಸುತ್ತಾ ಹೇಳತೊಡಗಿದರು: ಗಾಲಿಗೆ ಎಂಟು, ಬಿಟ್ಟು ನಾಲ್ಕು, ಏರಿ ಹನ್ನೆರಡು, ಕವಲಿಗೆ ಹೋಗಿ ಬಾ, ಮತ್ತೆ ನಾಲ್ಕು. ನಾನು ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯುತ್ತಾ ಹೋದೆ. ಒಂದು ಕಡೆ ಅವರು ತಡೆದು, ಹಿಂದಕ್ಕೆ ಬಂದು, ಕವಲೊಂದನ್ನು ಬಿಟ್ಟಿದ್ದೆ ಎಂದು ಮತ್ತೆ ಅದರೊಳಗೆ ಹೋಗಿ ಬಂದರು. ಮುಕ್ಕಾಲು ಗಂಟೆ ಹಿಡಿಯಿತು. ಕಳಸ ಮುಟ್ಟಿ, ಇಳಿದು, ಗಾಲಿಯ ಮೊದಲ ಎಂಟಕ್ಕೇ ಬಂದು ಕಣ್ಣು ತೆರೆದರು. ನನ್ನ ಪೆನ್ಸಿಲ್ ಶುರು ಮಾಡಿದ ಚುಕ್ಕೆಯ ಮೇಲೆಯೇ ನಿಂತಿತ್ತು. ಮೊಮ್ಮಗ ಆ ಹಾಳೆಯ ಫೋಟೋ ತೆಗೆದುಕೊಂಡ.

ಏನಾದರೂ ಇಟ್ಟುಕೊಳ್ಳಿ ಎಂದು ಒಂದು ಕೈಚೀಲ ಕೊಡಲು ಹೋದೆ. ಬೇಡವೆಂದರು. ಸೂಜಿ ಕೊಡು ಎಂದರು. ದಾರ ಪೋಣಿಸಿ ಕೊಟ್ಟೆ. ಮ್ಯಾಟಿ ಬಟ್ಟೆಯ ಮೂಲೆಯಲ್ಲಿ ನಾಲ್ಕು ಹೊಲಿಗೆ ಹಾಕಿ, ಮರಳಿ ತುಂಬಿಕೊಂಡು ಬಂದು, ತುದಿಯನ್ನು ಅಡಗಿಸಿ ಕೊಟ್ಟರು. ಹಿಂದೆ ಮುಂದೆ ನೋಡಿದೆ. ಗೆರೆ ಸ್ವಲ್ಪ ನಡುಗಿತ್ತು, ಎರಡೂ ಕಡೆ ಒಂದೇ ರೀತಿ ನಡುಗಿತ್ತು.

ರಾತ್ರಿ ಮಳಿಗೆ ಬಿಚ್ಚಿ, ಸಾಮಾನು ಟೆಂಪೋಗೆ ಏರಿಸಿ ಧಾರವಾಡ ಮುಟ್ಟಿದಾಗ ಹನ್ನೊಂದೂವರೆ. ದೊಡ್ಡವ್ವ ಎಚ್ಚರವಾಗಿದ್ದಳು. ಮೊದಲು ಆಯಿಯ ತೇರಿನ ಹಾಳೆಯನ್ನು ಅವಳ ಕೈಗೆ ಕೊಟ್ಟೆ, ಆಮೇಲೆ ಕಪ್ಪು ಬಟ್ಟೆಯನ್ನು ನಾನೇ ಮಗುಚಿ ಅವಳ ತೊಡೆಯ ಮೇಲೆ ಹಾಕಿ ಆ ದಾರ ತೋರಿಸಿದೆ. ಅವಳು ದಿಂಬಿನ ಪಕ್ಕದಿಂದ ಕತ್ತರಿ ತೆಗೆದು ಮುಂದಿಟ್ಟಳು. ದೀಪ ಹತ್ತಿರ ಎಳೆದುಕೊಂಡು, ಬಿಳಿ ಟವೆಲ್ ಹಾಸಿ, ಐದನೆಯ ಚಿಕ್ಕೆಯನ್ನು ಬಿಚ್ಚಲು ಕೂತೆ.